ಮನೆಯಲ್ಲೇ ಮಾಡಿದ ಕೇಕ್, ಉಪ್ಪಿನಕಾಯಿ ಮಾರಲು ಲೈಸೆನ್ಸ್ ಬೇಕಾ?

ನಮಸ್ತೆ ಅಕ್ಕ. ಮನೆಯ ಒವನ್‌ನಲ್ಲಿ ಮಾಡಿದ ಕೇಕ್, ಅಪ್ಪೆಮಿಡಿ ಉಪ್ಪಿನಕಾಯಿ, ಜೊತೆಗೆ ಬೇಯಿಸಿದ ಅಣಬೆಯನ್ನು ಬಾಟಲಿಯಲ್ಲಿ ಸೀಲ್ ಮಾಡಿ ಪರಿಚಯದವರಿಗೆ ಮಾರಲು ಏನೇನು ಬೇಕು ಅಂತ ಕೇಳಿದ್ದೀರಿ.

ಅಡುಗೆ ಮನೆಯದೇ ಆದರೂ, ಪರಿಚಯದವರಿಗೇ ಆದರೂ, ಮಾರಿದರೆ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಮನೆಯಿಂದ ಮಾಡುವ ಇಂಥ ಸಣ್ಣ ವಹಿವಾಟಿಗೆ ಬೇಸಿಕ್ ರಿಜಿಸ್ಟ್ರೇಷನ್ ಸಾಕು. ಪ್ರಾಧಿಕಾರದ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಶುಲ್ಕ ಕಡಿಮೆಯೇ. ಏಜೆಂಟರಿಗೆ ಸುಮ್ನೆ ಸಾವಿರಾರು ಕೊಡಬೇಡಿ.

ಆಮೇಲೆ ಲೇಬಲ್. 14 ಅಂಕಿಯ ನೋಂದಣಿ ಸಂಖ್ಯೆ, ಪದಾರ್ಥಗಳು, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ನಿಮ್ಮ ವಿಳಾಸ ಇರಲಿ. ಕೇಕಿಗೆ ಮೊಟ್ಟೆ ಹಾಕಿದ್ದರೆ ಹಸಿರು ಚುಕ್ಕೆ ಹಾಕುವಂತಿಲ್ಲ, ಮಾಂಸಾಹಾರದ ಗುರುತಾದ ಕಂದು ತ್ರಿಕೋನವೇ ಬೇಕು. ನಾನು ಶುರುವಿನಲ್ಲಿ ಇದನ್ನೇ ತಪ್ಪಿದ್ದೆ. ಮೊಟ್ಟೆ ಮುಟ್ಟದ ಅಜ್ಜಿಯೊಬ್ಬರು ಆ ಕೇಕ್ ತಿಂದುಬಿಟ್ಟರು. ಇವತ್ತಿಗೂ ಆ ಬೇಸರ ಹೋಗಿಲ್ಲ.

ಅಣಬೆ ಬಾಟಲಿ ಮಾತ್ರ ದಯವಿಟ್ಟು ಬೇಡ. ಉಪ್ಪಿನಕಾಯಿಯನ್ನು ಅದರ ಉಪ್ಪು, ಹುಳಿಯೇ ಕಾಯುತ್ತದೆ. ಅಣಬೆ, ಬೀನ್ಸ್, ಮೆಕ್ಕೆಜೋಳದಲ್ಲಿ ಹುಳಿ ಇಲ್ಲ ಅಲ್ವಾ? ಗಾಳಿಯಾಡದ ಬಾಟಲಿಯಲ್ಲಿ ಬಾಟ್ಯುಲಿಸಂ ಎಂಬ ಜೀವಕ್ಕೇ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು. ಅದರ ಗಟ್ಟಿ ಕವಚದ ಬೀಜಕಣಗಳು ನೀರು ಕುದಿಯುವ 100 ಡಿಗ್ರಿಗೆ ಸಾಯುವುದಿಲ್ಲ. ಕಾರ್ಖಾನೆಗಳಲ್ಲಿ ಒತ್ತಡ ಕೊಟ್ಟು ಸುಮಾರು 121 ಡಿಗ್ರಿವರೆಗೆ ಕಾಯಿಸುತ್ತಾರೆ. ಆ ವಿಷ ಸೇರಿದರೂ ರುಚಿ, ವಾಸನೆಯಲ್ಲಿ ಗೊತ್ತಾಗದೇ ಇರಬಹುದು. ಅಣಬೆಯದೇ ಏನಾದರೂ ಮಾಡಬೇಕೆಂದಿದ್ದರೆ ಚೆನ್ನಾಗಿ ಒಣಗಿಸಿ ಮಾರಿ. ಮೊದಲು ಅಪ್ಪೆಮಿಡಿಯಿಂದ ಶುರು ಮಾಡಿ ಅಕ್ಕ. ಅರ್ಜಿಯಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ.