ಕೌದಿ ಗೆಳತಿಯರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಕೌದಿಯ, ಅಂದರೆ ಬಟ್ಟೆ ತುಂಡು ಕೂಡಿಸಿ ಹೊಲಿದ ಹೊದಿಕೆಯ ಬಗ್ಗೆಯೇ ಇವೆ. ಅದರಲ್ಲೂ ಕೌದಿಗೆ ಬೇಕಾದ ಬಟ್ಟೆಯ ಚೌಕಗಳನ್ನು ಹೊಲಿದು ಒಬ್ಬರಿಗೊಬ್ಬರು ಕಳಿಸುವ ಗುಂಪುಗಳ ಬಗ್ಗೆ. ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಗುಂಪಿನಲ್ಲಿ ಎಂಟೋ ಹತ್ತೋ ಜನ ಇರುತ್ತಾರೆ. ತಿಂಗಳಿಗೆ ಒಬ್ಬರ ಸರದಿ. ಉಳಿದವರೆಲ್ಲ ಅವರಿಗೆ ಬೇಕಾದ ಬಣ್ಣದಲ್ಲಿ ಚೌಕ ಹೊಲಿದು ಅಂಚೆಗೆ ಹಾಕುತ್ತಾರೆ. ಸುತ್ತು ಮುಗಿಯುವ ಹೊತ್ತಿಗೆ ಎಲ್ಲರ ಕೈಯ ಹೊಲಿಗೆಯೂ ಎಲ್ಲರ ಮನೆಗೂ ಬಂದಿರುತ್ತದೆ. ಕೇಳಿದ್ದು ಹೊಲಿಗೆಯ ಪ್ರಶ್ನೆ ಆದರೂ ಬಹಳ ಪತ್ರಗಳಲ್ಲಿ ಒಳಗಿರುವ ಸಂಕಟ ಬೇರೆಯೇ ಇದೆ, ಆದ್ದರಿಂದ ಎರಡಕ್ಕೂ ಉತ್ತರ ಬರೆದಿದ್ದೇನೆ.

ಅಕ್ಕಾ, ನಾವು ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಈಗ ಬೆಳಗಾವಿ, ಪುಣೆ, ಮೈಸೂರು ಅಂತ ಚದುರಿದ್ದೇವೆ. ಒಬ್ಬಳು ಕಳಿಸುವ ಚೌಕ ಪ್ರತಿ ಸಲವೂ ಅರ್ಧ ಇಂಚು ಚಿಕ್ಕದಾಗಿರುತ್ತದೆ. ಗುಂಪು ಕಟ್ಟಿದವಳೇ ಅವಳು. ಉಳಿದವರು ಅವಳ ಬೆನ್ನ ಹಿಂದೆ ಮಾತಾಡಿಕೊಳ್ಳಲು ಶುರು ಮಾಡಿದ್ದಾರೆ. ಅವಳಿಗೆ ನೋವಾಗದಂತೆ ಹೇಗೆ ಹೇಳಲಿ?
— ಹುಬ್ಬಳ್ಳಿಯ ಓದುಗರು

ಪ್ರತಿ ಸಲವೂ ಅರ್ಧ ಇಂಚೇ ಕಡಿಮೆ ಅಂತ ಬರೆದಿದ್ದೀರಲ್ಲ, ಅದರಲ್ಲೇ ಉತ್ತರ ಇದೆ ತಂಗಿ. ಕೈ ಸರಿಯಿಲ್ಲದವರ ಚೌಕ ಒಂದು ಸಲ ಕಾಲು ಇಂಚು ಕಡಿಮೆ, ಇನ್ನೊಂದು ಸಲ ಒಂದಿಂಚು ಜಾಸ್ತಿ, ಒಂದು ಕಡೆ ಸೊಟ್ಟ ಹೀಗೆ ಬರುತ್ತದೆ. ಯಾವಾಗಲೂ ಒಂದೇ ಅಳತೆಯಷ್ಟು ಕಡಿಮೆ ಬರುತ್ತಿದೆ ಅಂದರೆ ಅವರ ಕೈ ಬಹಳ ಸರಿಯಾಗಿದೆ. ಅಳತೆ ತಿಳಿದುಕೊಂಡಿದ್ದರಲ್ಲಿ ವ್ಯತ್ಯಾಸ ಆಗಿದೆ ಅಷ್ಟೇ. ನೀವು 12 ಇಂಚು ಅಂತ ಮಾತಾಡಿಕೊಂಡಿರುತ್ತೀರಿ. ನಿಮ್ಮಲ್ಲಿ ಉಳಿದವರೆಲ್ಲ ಕೌದಿಗೆ ಸೇರಿಸಿ ಹೊಲಿದ ಮೇಲೆ 12 ಇಂಚು ಉಳಿಯಬೇಕು ಅಂತ ಹಿಡಿದು, ನಾಲ್ಕೂ ಕಡೆ ಹೊಲಿಗೆಗೆ ಕಾಲು ಇಂಚು ಮಾರ್ಜಿನ್ ಬಿಟ್ಟು, ಹನ್ನೆರಡೂವರೆ ಇಂಚಿಗೆ ಕತ್ತರಿಸುತ್ತಿದ್ದೀರಿ. ಅವರು ಕತ್ತರಿಸುವುದೇ 12 ಇಂಚಿಗೆ. ಹೊಸ ಗುಂಪುಗಳಲ್ಲಿ ಇದರಷ್ಟು ಮನಸ್ತಾಪ ತರುವ ಸಂಗತಿ ಬೇರೆ ಇಲ್ಲ. ಅಳತೆ ಬರೆಯುವಾಗ "ಕತ್ತರಿಸಿದಾಗ ಹನ್ನೆರಡೂವರೆ, ಹೊಲಿದ ಮೇಲೆ ಹನ್ನೆರಡು" ಅಂತ ಎರಡನ್ನೂ ಬರೆಯಿರಿ.

ಇನ್ನೂ ಒಂದು ಕೆಲಸ ಮಾಡಿ. ದಪ್ಪ ರಟ್ಟಿನಲ್ಲಿ ಹನ್ನೆರಡೂವರೆ ಇಂಚಿನ ಚೌಕ ಕತ್ತರಿಸಿ ಎಲ್ಲರಿಗೂ ಒಂದೊಂದು ಕಳಿಸಿ, ಅವರೊಬ್ಬರಿಗೇ ಅಲ್ಲ, ಎಲ್ಲರಿಗೂ. ದರ್ಜಿಯ ಬಟ್ಟೆ ಟೇಪು ಹಳೆಯದಾದ ಹಾಗೆ ಜಗ್ಗಿಕೊಂಡು ಉದ್ದ ಆಗಿರುತ್ತದೆ. ನಿಮ್ಮಲ್ಲೇ ಇಬ್ಬರ ಟೇಪು ಪಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗುತ್ತದೆ. ರಟ್ಟು ಎಲ್ಲರಿಗೂ ಒಂದೇ.

ಈಗಾಗಲೇ ಬಂದಿರುವ ಚಿಕ್ಕ ಚೌಕಗಳನ್ನು ಪಕ್ಕಕ್ಕಿಡಬೇಡಿ. ಒಂದಿಂಚು ಅಗಲದ ಪಟ್ಟಿಯನ್ನು ನಾಲ್ಕೂ ಕಡೆ ಹೊಲಿದರೆ, ಹೊಲಿಗೆಗೆ ಹೋಗುವುದು ಕಳೆದು, 12 ಇಂಚಿನ ಚೌಕ 13 ಆಗುತ್ತದೆ, ಅಲ್ಲಿಂದ ಹನ್ನೆರಡೂವರೆಗೆ ಸಮ ಮಾಡಿ ಕತ್ತರಿಸಿ. ಪಟ್ಟಿಗೆ ಗಾಢ ಬಣ್ಣ ಆರಿಸಿದರೆ ಆ ಚೌಕಗಳೇ ಕೌದಿಯಲ್ಲಿ ಎದ್ದು ಕಾಣುತ್ತವೆ.

ಅವರಿಗೆ ಹೇಳುವ ವಿಷಯ. ಗುಂಪಿನ ಮುಂದೆ ಬೇಡ, ಮೆಸೇಜ್ ಕೂಡ ಬೇಡ, ಫೋನ್ ಮಾಡಿ. "ನಾವು ಅಳತೆ ಸರಿಯಾಗಿ ಮಾತಾಡಿಕೊಂಡೇ ಇಲ್ಲ ಕಣೇ, ನೀನು ಎಷ್ಟಕ್ಕೆ ಕತ್ತರಿಸ್ತೀಯಾ?" ಅಂತ ಕೇಳಿ ಸಾಕು. ನಿಜವೂ ಅದೇ ಅಲ್ವಾ? ಆದರೆ ಇದಕ್ಕೂ ಮೊದಲು, ಹಿಂದೆ ಮಾತಾಡುವವರಿಗೆ ನೀವು ಒಂದು ಮಾತು ಹೇಳಲೇಬೇಕು. ಅರ್ಧ ಇಂಚು ಬಟ್ಟೆಯನ್ನು ಪಟ್ಟಿ ಹಚ್ಚಿ ತುಂಬಿಸಬಹುದು. ನಾವು ಆಡಿಕೊಂಡಿದ್ದು ಅವರ ಕಿವಿಗೆ ಬಿದ್ದರೆ ಅದನ್ನು ತುಂಬಿಸಲು ಏನೂ ಇಲ್ಲ.

ಖಣದ ಕೆಂಪು ಬಟ್ಟೆಯಲ್ಲಿ ಹೊಲಿದ ಚೌಕ ಗೆಳತಿಗೆ ಕಳಿಸಿದ್ದೆ. ಅವಳ ಕೌದಿ ಮೊದಲ ಸಲ ಒಗೆದಾಗ ಬಣ್ಣ ಬಿಟ್ಟು ಪಕ್ಕದ ಬಿಳಿ ಚೌಕಗಳೆಲ್ಲ ಗುಲಾಬಿ ಆಗಿವೆಯಂತೆ. ಅವಳು ಏನೂ ಅನ್ನಲಿಲ್ಲ. ಅದೇ ನನಗೆ ಕಷ್ಟ ಆಗುತ್ತಿದೆ. ಬಟ್ಟೆಯನ್ನು ಉಪ್ಪು ನೀರಿನಲ್ಲಿ ನೆನೆಸಿಯೇ ಕಳಿಸಿದ್ದೆ.
— ಬಾಗಲಕೋಟೆಯ ಓದುಗರು

ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ನಮ್ಮ ಮನೆಗಳಲ್ಲೆಲ್ಲ ಹೇಳುತ್ತಾರೆ, ಆದರೆ ಅದು ಕೆಲಸ ಮಾಡುವುದಿಲ್ಲ. ನೂಲಿಗೆ ಬಣ್ಣ ಹಾಕುವಾಗ, ಬಣ್ಣ ನೂಲಿಗೆ ಚೆನ್ನಾಗಿ ಹಿಡಿಯಲಿ ಅಂತ ಎಷ್ಟೋ ಕಡೆ ಉಪ್ಪು ಬಳಸುತ್ತಾರೆ, ಬಹುಶಃ ಅಲ್ಲಿಂದಲೇ ಈ ನಂಬಿಕೆ ಬಂದಿರಬೇಕು. ಬಟ್ಟೆ ತಯಾರಾದ ಮೇಲೆ ಹಿಡಿಯದೆ ಉಳಿದ ಬಣ್ಣವನ್ನು ಉಪ್ಪು ಕಟ್ಟಿಹಾಕುವುದಿಲ್ಲ. ವಿನೆಗರ್ ಕೂಡ ಅಷ್ಟೇ. ಉಳಿದ ಬಣ್ಣ ತೊಳೆದು ಹೋಗಬೇಕು, ಬೇರೆ ದಾರಿ ಇಲ್ಲ. ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಒಗೆಯಿರಿ. ಆಮೇಲೆ ಒದ್ದೆ ಬಟ್ಟೆಯನ್ನು ಬಿಳಿ ಬಟ್ಟೆಯ ಚೂರಿನಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಚೂರು ಕೆಂಪಾದರೆ ಆ ಬಟ್ಟೆ ಬೇರೆಯವರ ಕೌದಿಗೆ ಬೇಡ, ನಿಮ್ಮ ಮನೆಯಲ್ಲೇ ಗಾಢ ಬಣ್ಣಗಳ ಜೊತೆ ಬಳಸಿಕೊಳ್ಳಿ.

ಗೆಳತಿಯ ಕೌದಿ ಇನ್ನೂ ಉಳಿಸಬಹುದು. ಒಂದು ಸಲ ಒಣಗಿದ್ದರೂ ಪ್ರಯತ್ನ ಮಾಡಿ. ಕೌದಿ ಪೂರ್ತಿ ಹತ್ತಿಯದಾಗಿದ್ದರೆ ದೊಡ್ಡ ಟಬ್ಬಿನ ತುಂಬ ಬಿಸಿ ನೀರು, ಜೊತೆಗೆ ಒಗೆಯುವ ಪುಡಿ ಹಾಕಿ, ಕೌದಿ ಪೂರ್ತಿ ಮುಳುಗುವಂತೆ ರಾತ್ರಿಯಿಡೀ ನೆನೆಹಾಕಬೇಕು. ನೀರು ಜಾಸ್ತಿ ಇರಬೇಕು, ಅದೇ ಮುಖ್ಯ. ಬಿಟ್ಟ ಬಣ್ಣ ನೀರಿನಲ್ಲಿ ತೆಳುವಾಗಿ ಹರಡಿಕೊಂಡರೆ ಮತ್ತೆ ಬಿಳಿ ಬಟ್ಟೆಗೆ ಹೋಗಿ ಕೂರುವುದು ಕಡಿಮೆ. ನೀರು ಕೆಂಪಾದರೆ ಚೆಲ್ಲಿ ಮತ್ತೆ ಅದೇ ಕೆಲಸ. ಆದರೆ ಖಣದಲ್ಲಿ ರೇಷ್ಮೆ ಇದ್ದರೆ ಬಿಸಿ ನೀರು ಬೇಡ, ತಣ್ಣೀರೇ ಸಾಕು. ಕಲೆ ಹೋಗುವ ತನಕ ಇಸ್ತ್ರಿ ಮಾತ್ರ ಮುಟ್ಟಿಸಬಾರದು.

ಅವರು ಏನೂ ಅನ್ನಲಿಲ್ಲ ಅಂತ ನೀವೂ ಸುಮ್ನೆ ಇರಬೇಡಿ. ಹತ್ತಿರದಲ್ಲೇ ಇದ್ದರೆ ಒಂದು ದಿನ ಹೋಗಿ, ಇಬ್ಬರೂ ಕೂಡಿ ಆ ಕೌದಿ ಒಗೆಯಿರಿ. ನೆನೆದ ಕೌದಿ ಎತ್ತುವುದು ಒಬ್ಬರ ಕೈಲಿ ಆಗುವ ಕೆಲಸವೂ ಅಲ್ಲ.

ನನ್ನ ಸೊಸೆ ಮತ್ತು ಅವಳ ಗೆಳತಿಯರು ಚೌಕ ಚೌಕ ಹೊಲಿದು ಜೋಡಿಸುತ್ತಾರೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಇದು ಅಮೆರಿಕದವರ ಪದ್ಧತಿ, ನಮ್ಮ ಕೌದಿ ಇದರಿಂದ ಕೆಡುತ್ತದೆ ಅಂತ ನನ್ನ ಭಾವನೆ. ತಪ್ಪೇ?
— ಧಾರವಾಡದ ಹಿರಿಯ ಓದುಗರು

ಅಮ್ಮಾ, ನೀವು ಹೇಳುವುದರಲ್ಲಿ ಅರ್ಧ ನಿಜ ಇದೆ. ನಮ್ಮ ಕಡೆಯ ಕೌದಿ ಚೌಕದಿಂದ ಶುರುವಾಗುವುದಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಅರಿವೆ ಇಟ್ಟು, ಅಂಚಿನಿಂದ ಹೊಲಿಯುತ್ತ ಸುತ್ತು ಹಾಕಿಕೊಂಡು ಒಳಗೆ ಬರುತ್ತೀರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯೂ ಹಾಗೆಯೇ. ಒಂದು ಮೂಲೆಯಲ್ಲಿ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಮುಕ್ಕೋನದ "ಫೂಲ್" ಇಡದಿದ್ದರೆ ಅವರಿಗೆ ಕೌದಿ ಪೂರ್ತಿ ಆದಂತಲ್ಲ. ಆ ಕೌದಿಗಳು ಅಮೆರಿಕದ ಮ್ಯೂಸಿಯಂಗಳವರೆಗೆ ಹೋಗಿ ಪ್ರದರ್ಶನ ಕಂಡಿವೆ. ತುಂಡು ಹಚ್ಚುವ ಹೊಲಿಗೆಯೂ ಪದರ ಕೂಡಿಸುವ ಹೊಲಿಗೆಯೂ ನಮ್ಮ ಕೌದಿಯಲ್ಲಿ ಒಂದೇ. ಚೌಕದ ಪದ್ಧತಿಯಲ್ಲಿ ಮೊದಲು ಮೇಲ್ಭಾಗ ತಯಾರಾಗುತ್ತದೆ, ಆಮೇಲೆ ಪದರ ಸೇರಿಸಿ ಹೊಲಿಯುತ್ತಾರೆ. ಆದ್ದರಿಂದ ಎರಡೂ ಬೇರೆ ಬೇರೆ ಕೆಲಸಗಳೇ, ಅದನ್ನು ನಾನು ಒಪ್ಪುತ್ತೇನೆ.

ಆದರೆ ಆ ಅಮೆರಿಕದ ಹೆಂಗಸರು ಯಾಕೆ ಚೌಕ ಹಂಚಿಕೊಂಡರು ಅನ್ನುವುದನ್ನೂ ಕೇಳಿ. 1840ರ ಸುಮಾರಿಗೆ ಅಲ್ಲಿ ಗೆಳತಿಯರೆಲ್ಲ ಒಂದೊಂದು ಚೌಕ ಹೊಲಿದು, ಅದರ ಮೇಲೆ ಅಳಿಸದ ಶಾಯಿಯಲ್ಲಿ ತಮ್ಮ ಹೆಸರು ಬರೆದು ಕೊಡುವುದು ಬಹಳ ಬಳಕೆಗೆ ಬಂತು. ಎಷ್ಟೋ ಕುಟುಂಬಗಳು ಊರು ಬಿಟ್ಟು ಪಶ್ಚಿಮಕ್ಕೆ ಹೊರಟಿದ್ದ ಕಾಲ ಅದು. ಹೋದವರು ಮತ್ತೆ ತಿರುಗಿ ಬರುವ ಭರವಸೆ ಇರಲಿಲ್ಲ. ಹೊರಟವಳ ಗಂಟಿನಲ್ಲಿ ಊರಿನ ಗೆಳತಿಯರ ಹೆಸರುಗಳೆಲ್ಲ ಒಂದು ಹೊದಿಕೆಯಾಗಿ ಹೋಗುತ್ತಿದ್ದವು. ನಿಮ್ಮ ಸೊಸೆಯ ಗೆಳತಿಯರೂ ಈಗ ಒಂದೇ ಓಣಿಯಲ್ಲಿ ಇಲ್ಲ. ನಿಮ್ಮ ಕಾಲದಲ್ಲಿ ಮಧ್ಯಾಹ್ನ ಊಟ ಆದ ಮೇಲೆ ನಾಲ್ಕು ಜನ ಒಂದೇ ಕೌದಿಯ ನಾಲ್ಕು ಮಗ್ಗುಲಿಗೆ ಕೂತು ಹೊಲಿಯಲು ಆಗುತ್ತಿತ್ತು. ಇವರಿಗೆ ಆ ಕೂಡುವಿಕೆ ಇಲ್ಲ, ಅಂಚೆಯಲ್ಲಿ ಹೋಗುವ ಚೌಕವೇ ಆ ಜಾಗ ತುಂಬುತ್ತಿದೆ.

ಕೌದಿ ಕೆಡಬಾರದು ಅಂತ ನಿಮಗೆ ಅನಿಸಿದರೆ ಒಂದು ಕೆಲಸ ಮಾಡಿ. ಅವರ ಚೌಕಗಳು ಜೋಡಣೆಯಾಗಿ ಬಂದಾಗ ಒಳಪದರ ಹಾಸಿ ಸಾಲು ಹೊಲಿಗೆ ಹಾಕುವುದನ್ನು ನೀವು ಕಲಿಸಿ. ಆ ಸಣ್ಣ ಸಮ ಹೊಲಿಗೆ ಮೆಷಿನ್ನಿನಲ್ಲಿ ಬರುವುದಿಲ್ಲ. ನಿಮ್ಮಂಥವರು ಪಕ್ಕದಲ್ಲಿ ಕೂತು ತೋರಿಸದಿದ್ದರೆ ಅವರಿಗೆ ಅದು ಎಲ್ಲಿಂದ ಬರಬೇಕು ಹೇಳಿ.

ಪಾಲಿಯೆಸ್ಟರ್ ಸೀರೆ ಬಳಸಿದರೆ ಗುಂಪಿನಲ್ಲಿ ಬೇಡ ಅನ್ನುತ್ತಾರೆ. ನನ್ನ ಹತ್ತಿರ ಇರುವುದೇ ಅದು.
— ದಾವಣಗೆರೆಯ ಓದುಗರು

ಬೇಡ ಅನ್ನುವುದಕ್ಕೆ ಕಾರಣ ಇದೆ. ಹತ್ತಿಯ ಚೌಕಕ್ಕೆ ಬೇಕಾಗುವಷ್ಟು ಬಿಸಿ ಇಸ್ತ್ರಿ ಇಟ್ಟರೆ ಪಾಲಿಯೆಸ್ಟರ್ ಮುದುಡುತ್ತದೆ. ಹೊಲಿಯುವಾಗ ಜಾರುತ್ತದೆ ಕೂಡ. ಆದರೆ ಹೊಸ ಹತ್ತಿ ಬಟ್ಟೆ ಕೊಂಡು ತರಲೇಬೇಕು ಅಂತ ಯಾರೂ ನಿಯಮ ಮಾಡಬಾರದು, ಅದು ನನಗೆ ಸರಿ ಕಾಣುವುದಿಲ್ಲ. ಗುಂಪಿನಲ್ಲಿ ಕೇಳಿ, ಹತ್ತಿಯ ಚಿಂದಿ ಜಾಸ್ತಿ ಇರುವವರು ಕಳಿಸುತ್ತಾರೆ. ನಿಮ್ಮ ಪಾಲಿಯೆಸ್ಟರ್ ಸೀರೆಗಳನ್ನೇ ಕೂಡಿಸಿ ಮನೆಗೆ ಬೇರೆ ಕೌದಿ ಹೊಲಿಯಿರಿ. ಬೇಗ ಹರಿಯುವುದಿಲ್ಲ, ಬೇಗ ಒಣಗುತ್ತದೆ, ಮಳೆಗಾಲದಲ್ಲಿ ಅದರಷ್ಟು ಅನುಕೂಲ ಯಾವುದೂ ಇಲ್ಲ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಗೆಳತಿಯರ ಚೌಕ ವಿನಿಮಯಕ್ಕೆ ಅಜ್ಜಿಯ ಇಳಕಲ್ ಸೀರೆಯ ತುಂಡು ಬಳಸಬೇಕು ಅಂತ ಆಸೆ. ಸೀರೆಯ ಯಾವ ಭಾಗ ಒಳ್ಳೆಯದು?
— ನ್ಯೂಜೆರ್ಸಿಯ ಓದುಗರು

ಹಳೆಯ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿಯದು, ಅದನ್ನೇ ಬಳಸಿ. ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಆಗಿರುತ್ತದೆ, ಕತ್ತರಿಸಿದರೆ ಎಳೆ ಬಿಡುತ್ತದೆ. ಇಳಕಲ್ಲಿನಲ್ಲಿ ಒಡಲಿನ ಹಾಸನ್ನೂ (ಉದ್ದಕ್ಕೆ ಹೋಗುವ ಎಳೆಗಳನ್ನು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಆ ಜೋಡಣೆಯ ಸಾಲು ಕತ್ತರಿಸಬೇಡಿ, ಸೆರಗನ್ನು ಹಾಗೆಯೇ ಇಟ್ಟುಕೊಳ್ಳಿ. ಒಡಲು ಸವೆದಿದ್ದರೆ ಹಿಂದೆ ತೆಳು ಹತ್ತಿ ಬಟ್ಟೆಯ ಅಸ್ತರ ಕೊಟ್ಟು ಹೊಲಿಯಿರಿ. ಬಣ್ಣದ ಪರೀಕ್ಷೆ ಮೇಲೆ ಹೇಳಿದ ಹಾಗೆ. ಚೌಕದ ಜೊತೆ ಒಂದು ಚೀಟಿಯಲ್ಲಿ ಅಜ್ಜಿಯ ಹೆಸರು, ಊರು ಬರೆದು ಕಳಿಸಿ.

ನಮ್ಮ ಗುಂಪಿನ ಒಬ್ಬರು ತೀರಿಕೊಂಡರು. ಅವರ ಸರದಿಗೆ ನಾವೆಲ್ಲ ಕಳಿಸಿದ್ದ ಚೌಕಗಳು, ಅವರೇ ಅರ್ಧ ಜೋಡಿಸಿದ್ದು, ಎಲ್ಲ ಹಾಗೇ ಉಳಿದಿವೆ. ಮಗಳಿಗೆ ಹೊಲಿಗೆ ಬಾರದು. ನಾವು ಮುಗಿಸಿ ಕೊಡೋಣ ಅಂತ ಇದ್ದೇವೆ. ಅವರು ಜೋಡಿಸಿದ ಭಾಗದಲ್ಲಿ ಹೊಲಿಗೆ ಅಂಕುಡೊಂಕಾಗಿದೆ, ಕೊನೆಯ ತಿಂಗಳುಗಳಲ್ಲಿ ಕೈ ನಡುಗುತ್ತಿತ್ತಂತೆ. ಬಿಚ್ಚಿ ಮತ್ತೆ ಹೊಲಿಯೋಣವೇ?
— ಗದಗದ ಓದುಗರು

ಬಿಚ್ಚಬೇಡಿ. ಒಂದು ಹೊಲಿಗೆಯನ್ನೂ ಬಿಚ್ಚಬೇಡಿ. ಎಲ್ಲಾದರೂ ಸಡಿಲ ಆಗಿ ಬಿಟ್ಟುಹೋಗುವ ಹಾಗಿದ್ದರೆ ಅದರ ಪಕ್ಕದಲ್ಲೇ ಇನ್ನೊಂದು ಸಾಲು ಗಟ್ಟಿಯಾಗಿ ಹೊಲಿಯಿರಿ, ಅವರ ದಾರ ಇದ್ದಲ್ಲೇ ಇರಲಿ. ನಿಮ್ಮ ಪಾಲಿನ ಜೋಡಣೆಗೆ ಬೇರೆ ಬಣ್ಣದ ದಾರ ಬಳಸಿ. ಅಮ್ಮ ಹೊಲಿದಿದ್ದು ಎಲ್ಲಿಯ ತನಕ ಅಂತ ಮಗಳಿಗೆ ಕೈಯಾಡಿಸದೆಯೇ ಕಾಣಬೇಕು.

ಶುರು ಮಾಡುವ ಮೊದಲು ಮಗಳನ್ನು ಕೇಳಿ. ಕೆಲವರಿಗೆ ಅರ್ಧಕ್ಕೆ ನಿಂತಿದ್ದನ್ನು ಹಾಗೇ ಇಟ್ಟುಕೊಳ್ಳುವ ಮನಸ್ಸಿರುತ್ತದೆ, ಆಗ ನೀವು ಒತ್ತಾಯ ಮಾಡಬಾರದು. ಮುಗಿಸಿ ಕೊಡಿ ಅಂದರೆ ಒಳಪದರಕ್ಕೆ ಅಮ್ಮನ ಸೀರೆ ಕೊಡುತ್ತೀರಾ ಅಂತ ಕೇಳಿ, ಯಾವ ಸೀರೆ ಅಂತ ಅವರೇ ಆರಿಸಲಿ. ಕೌದಿಯನ್ನು ಒಬ್ಬೊಬ್ಬರ ಮನೆಗೆ ಕಳಿಸುತ್ತ ಮುಗಿಸುವ ಬದಲು, ಸಾಧ್ಯವಾದರೆ ಎಲ್ಲರೂ ಒಂದು ಭಾನುವಾರ ಅವರ ಮನೆಯಲ್ಲೇ ಸೇರಿ. ಮಗಳಿಗೆ ಹೊಲಿಗೆ ಬಾರದಿದ್ದರೂ ಸೂಜಿಗೆ ದಾರ ಪೋಣಿಸಿ ಕೊಡಬಹುದು, ನೀವು ಅವರ ಅಮ್ಮನ ಬಗ್ಗೆ ಮಾತಾಡುವುದನ್ನು ಕೇಳಬಹುದು. ಆ ಮಾತು ಅವರಿಗೆ ಈಗ ಕೌದಿಗಿಂತ ಜಾಸ್ತಿ ಬೇಕಾಗಿರುತ್ತದೆ.

ನನಗೆ ಎಪ್ಪತ್ತು ದಾಟಿದೆ. ಸಣ್ಣ ಹೊಲಿಗೆ ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಮನೆಯವರ ಗುಂಪಿಗೆ ಸೇರಬಹುದೇ?
— ಶಿರಸಿಯ ಓದುಗರು

ಖಂಡಿತ ಸೇರಿ. ಚೌಕ ಹೊಲಿಯುವುದು ಒಂದೇ ಕೆಲಸ ಅಲ್ಲ. ಜೋಡಿಸಿದ ಮೇಲ್ಭಾಗ ಮತ್ತು ಪದರಗಳು ಅಲುಗಾಡದಂತೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕಲ್ಲ, ಅದಕ್ಕೆ ಕಣ್ಣಿಗಿಂತ ಕೈಯ ಅಂದಾಜು ಮುಖ್ಯ. ದಪ್ಪ ದಾರ, ದೊಡ್ಡ ಕಣ್ಣಿನ ಸೂಜಿ ತಗೊಳ್ಳಿ. ಬಿಳಿ ಬಟ್ಟೆಯ ಮೇಲೆ ಕಪ್ಪು ದಾರ, ಕಪ್ಪಿನ ಮೇಲೆ ಬಿಳಿ. ಆಮೇಲೆ ಅದನ್ನು ಹೇಗೂ ಬಿಚ್ಚುತ್ತಾರೆ, ಆದ್ದರಿಂದ ಸೊಟ್ಟ ಆದರೂ ಚಿಂತೆ ಇಲ್ಲ. ಬೆಳಗಿನ ಬಿಸಿಲಿನಲ್ಲಿ ಜಗಲಿಯಲ್ಲಿ ಕೂತು ಹೊಲಿಯಿರಿ, ಟ್ಯೂಬ್‌ಲೈಟ್ ಕೆಳಗೆ ಬೇಡ. ನಾಳೆಯೇ ಪಕ್ಕದ ಮನೆಯವರನ್ನು ಕೇಳಿ.