ನಮ್ಮ ತಂಡವನ್ನು ನಾವೇ ಬೈಯಬಹುದೇ?

ಪ್ರಶ್ನೆ: ಮಾನ್ಯರೇ, ನಾವು ನಾಲ್ಕೈದು ಮಂದಿ ಗೆಳೆಯರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಈಚೆಗೆ ನಮ್ಮ ನೆಚ್ಚಿನ ತಂಡದ ಪಂದ್ಯ ನೋಡಲು ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದೆವು. ನಮ್ಮ ಡಿಫೆಂಡರ್ (ರಕ್ಷಣಾ ಆಟಗಾರ) ಒಬ್ಬರು ಪದೇ ಪದೇ ಚೆಂಡನ್ನು ಹಿಂದಕ್ಕೆ, ಗೋಲ್‌ಕೀಪರ್ ಕಡೆಗೇ ಕಳಿಸುತ್ತಿದ್ದುದನ್ನು ನೋಡಿ ತಡೆಯಲಾಗದೆ ಗಟ್ಟಿಯಾಗಿ ಬೈದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ನೀವು ಯಾರ ಕಡೆಯವರು?’ ಎಂದು ಮುಖಕ್ಕೆ ಹೊಡೆದಂತೆ ಕೇಳಿದರು. ದುಡ್ಡು ಕೊಟ್ಟು, ನಿದ್ದೆಗೆಟ್ಟು ಹೋದವನಿಗೆ ಅಷ್ಟೂ ಹಕ್ಕಿಲ್ಲವೇ? ಬೇಕಾದರೆ ನಮ್ಮನ್ನು ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಎಂದು ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿಯವರೇ ಹಿಂದೊಮ್ಮೆ ಕೇಳಿಕೊಂಡಿರಲಿಲ್ಲವೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಹಕ್ಕಿನ ಮಾತನ್ನು ಮೊದಲು ಮುಗಿಸಿಬಿಡೋಣ. ಹಕ್ಕು ನಿಮಗೆ ಖಂಡಿತ ಇದೆ. ದಾವಣಗೆರೆಯಿಂದ ಸುಮಾರು 260 ಕಿ.ಮೀ. ದೂರ ಹೋಗಿ ಪಂದ್ಯ ನೋಡುವವರ ನಿಷ್ಠೆಯನ್ನು ಪಕ್ಕದ ಕುರ್ಚಿಯವರು ಪರೀಕ್ಷಿಸಬೇಕಾಗಿರಲಿಲ್ಲ. ಆದರೆ ಹಕ್ಕು ಇರುವುದು ಬೇರೆ, ಆಟ ನಡೆಯುತ್ತಿರುವಾಗಲೇ ಅದನ್ನು ಚಲಾಯಿಸುವುದರಿಂದ ತಂಡಕ್ಕೆ ಏನಾಗುತ್ತದೆ ಎಂಬುದು ಬೇರೆ. ನನ್ನ ತಕರಾರು ಇರುವುದು ಈ ಎರಡನೆಯದರ ಬಗ್ಗೆ.

ಛೆಟ್ರಿಯವರ ಮಾತನ್ನು ಅದರ ಸಂದರ್ಭದಲ್ಲಿಟ್ಟು ನೋಡಬೇಕು. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆ (ತೈವಾನ್) ತಂಡವನ್ನು 5–0 ಅಂತರದಿಂದ ಸೋಲಿಸಿತು, ಛೆಟ್ರಿಯವರೇ ಮೂರು ಗೋಲು ಹೊಡೆದರು, ಆದರೆ ಕ್ರೀಡಾಂಗಣದ ಬಹುಪಾಲು ಖಾಲಿಯಾಗಿತ್ತು. ಮರುದಿನ ಅವರು ವಿಡಿಯೊ ಮೂಲಕ ಜನರಲ್ಲಿ ಮನವಿ ಮಾಡಿದರು. ಜೂನ್ 4ರಂದು ಕೆನ್ಯಾ ವಿರುದ್ಧ ನಡೆದ ಪಂದ್ಯಕ್ಕೆ, ಅದು ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯವೂ ಆಗಿತ್ತು, ಮೈದಾನ ತುಂಬಿತು. ಮನೆಯಲ್ಲೇ ಕೂತು ಮೂಗು ಮುರಿಯುತ್ತಿದ್ದವರನ್ನು ಹೊರಗೆಳೆಯಲು ಆಡಿದ ಮಾತು ಅದು. ಬಂದವರು ತೊಂಬತ್ತು ನಿಮಿಷವೂ ಬೈಯುತ್ತಲೇ ಇರಬೇಕೆಂದು ಅವರು ಬಯಸಿದ್ದರೆಂದು ನನಗೆ ತೋರುವುದಿಲ್ಲ.

ಇನ್ನು ನೀವು ಬೈದ ಡಿಫೆಂಡರ್ ವಿಷಯ. ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ಅಭಿಮಾನಿಗಳ ಸಿಟ್ಟಿಗೆ ಅತಿ ಹೆಚ್ಚು ತುತ್ತಾಗುವುದು ಈ ಹಿಂದಕ್ಕೆ ಕೊಡುವ ಪಾಸೇ. ಚೆಂಡು ಕಾಲಿಗೆ ಬಂದಾಗ ಆತನ ಮುಖ ಅನೇಕ ವೇಳೆ ತನ್ನದೇ ಗೋಲಿನ ಕಡೆಗಿರುತ್ತದೆ, ಬೆನ್ನ ಹಿಂದೆ ಎದುರಾಳಿಯೊಬ್ಬ ಓಡಿ ಬರುತ್ತಿರುತ್ತಾನೆ. ತಿರುಗಲು ಹೋದರೆ ಚೆಂಡು ಕಳೆದುಕೊಳ್ಳುವ ಭಯ, ನಡುವಿನ ಆಟಗಾರನಿಗೆ ಕೊಡೋಣವೆಂದರೆ ಅವನಿಗೂ ಒಬ್ಬ ಅಂಟಿಕೊಂಡಿರುತ್ತಾನೆ. ಉಳಿದಿರುವ ಸುರಕ್ಷಿತ ದಾರಿ ಗೋಲ್‌ಕೀಪರ್. 1992ರ ನಿಯಮದ ಪ್ರಕಾರ ತನ್ನವರು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲವಾದ್ದರಿಂದ, ಆತನೂ ಕಾಲಿನಲ್ಲೇ ಆಡಬೇಕು. 2019ರಲ್ಲಿ ಇನ್ನೊಂದು ನಿಯಮ ಬದಲಾಗಿ, ಗೋಲಿನ ಮುಂದಿನಿಂದ ಒದ್ದು ಆಟವನ್ನು ಮತ್ತೆ ಆರಂಭಿಸುವ ಗೋಲ್‌ಕಿಕ್‌ನ ಚೆಂಡು ಪೆನಾಲ್ಟಿ ಆವರಣ (ಗೋಲಿನ ಮುಂದಿನ ದೊಡ್ಡ ಚೌಕ) ದಾಟುವ ಮೊದಲೇ ಸ್ವಂತ ತಂಡದವರು ಅದನ್ನು ಆಡಬಹುದು ಎಂದಾದ ಮೇಲಂತೂ, ಎದುರಾಳಿಯನ್ನು ಬೇಕೆಂದೇ ಹತ್ತಿರಕ್ಕೆ ಎಳೆದು ಅವರ ಹಿಂದೆ ತೆರವಾಗುವ ಜಾಗಕ್ಕೆ ಚೆಂಡು ಹಾಕುವ ಆಟ ಇನ್ನಷ್ಟು ಬೆಳೆದಿದೆ. ನೀವು ಅಂಜುಬುರುಕತನ ಎಂದುಕೊಂಡದ್ದು ಬಹುಶಃ ಕೋಚ್ ವಾರವಿಡೀ ಕಲಿಸಿದ ಪಾಠವಾಗಿರಬಹುದು.

ಸಾವಿರಾರು ಮಂದಿ ಒಟ್ಟಿಗೆ ‘ಅಯ್ಯೋ’ ಎಂದಾಗ ಆತ ಮುಂದಿನ ಸಲ ಏನು ಮಾಡುತ್ತಾನೆ? ಬೈಗುಳ ತಪ್ಪಿಸಿಕೊಳ್ಳಲು ಚೆಂಡನ್ನು ಸುಮ್ಮನೆ ಮುಂದಕ್ಕೆ ಒದೆಯುತ್ತಾನೆ, ಚಪ್ಪಾಳೆಯೂ ಬೀಳುತ್ತದೆ, ಚೆಂಡು ಮಾತ್ರ ಎದುರಾಳಿಯ ಪಾಲಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಚೆಂಡೇ ತನ್ನ ಕಡೆ ಬಾರದಿರಲಿ ಎಂದು ಎದುರಾಳಿಯ ನೆರಳಿನಲ್ಲಿ ನಿಂತುಬಿಡುವ ಆಟಗಾರ. ಅವನನ್ನು ಯಾರೂ ಬೈಯುವುದಿಲ್ಲ, ಏಕೆಂದರೆ ಅವನು ಕಣ್ಣಿಗೇ ಬೀಳುವುದಿಲ್ಲ. ನಮ್ಮ ದುರ್ಗಾಂಬಿಕಾ ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಹೊಸದಲ್ಲ: ಅಖಾಡದಲ್ಲಿರುವ ನಮ್ಮ ಪೈಲ್ವಾನನಿಗೆ ‘ಪಟ್ಟು ಬಿಡಬೇಡ’ ಎಂದು ಕೂಗುತ್ತೇವೆಯೇ ಹೊರತು, ಅವನ ಬೆನ್ನು ಮಣ್ಣಿಗೆ ತಾಗುವ ಮೊದಲೇ ‘ನಿನ್ನ ಕೈಲಾಗದು’ ಎನ್ನುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಕೊರೊನಾ ಕಾಲದಲ್ಲಿ, 2020ರ ಮೇ 16ರಿಂದ, ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಆರಂಭವಾದಾಗ ತವರಿನ ತಂಡಗಳ ಗೆಲುವುಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಪ್ರವಾಸಿ ತಂಡಗಳ ಮೇಲೆ ರೆಫರಿಗಳು ತೋರಿಸುವ ಕಾರ್ಡುಗಳೂ ಇಳಿದವು. ಅಂದರೆ ಜನರ ಕೂಗಿಗೆ ಮೈದಾನದಲ್ಲಿ ನಿಜವಾಗಿಯೂ ತೂಕವಿದೆ. ಆ ತೂಕವನ್ನು ಸ್ವಂತ ತಂಡದ ಮೇಲೆಯೇ ಹೇರುವುದೇಕೆ?

ಇಂಗ್ಲೆಂಡಿನ ಆರ್ಸೆನಲ್ ತಂಡದ ಗ್ರಾನಿಟ್ ಝಾಕಾ ಅವರ ಪ್ರಸಂಗ ಫುಟ್‌ಬಾಲ್ ಬಲ್ಲವರಿಗೆ ನೆನಪಿರುತ್ತದೆ. 2019ರ ಅಕ್ಟೋಬರ್ 27ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧದ ಪಂದ್ಯದಲ್ಲಿ ನಾಯಕರಾಗಿದ್ದ ಅವರನ್ನು ಬದಲಿಸಿದಾಗ ತವರಿನ ಪ್ರೇಕ್ಷಕರೇ ಹೀಯಾಳಿಸಿದರು, ಅವರೂ ಕಿವಿಗೆ ಕೈಯಿಟ್ಟು ಕೆಣಕಿದರು, ಅಂಗಿ ಕಳಚಿ ನೇರ ಒಳಗೆ ನಡೆದರು. ಕೆಲವೇ ದಿನಗಳಲ್ಲಿ ನಾಯಕತ್ವ ಹೋಯಿತು. ಸಾಮಾಜಿಕ ಜಾಲತಾಣದಲ್ಲಿ ತಮ್ಮ ಹೆಂಡತಿ, ಮಗಳ ಬಗ್ಗೆಯೂ ಜನ ಹೊಲಸು ಬರೆದಿದ್ದರೆಂದು ಅವರು ಆಮೇಲೆ ಹೇಳಿಕೊಂಡರು. ಅದೇ ಮೈದಾನದಲ್ಲಿ 2023ರ ಮೇ ತಿಂಗಳಲ್ಲಿ ಅವರು ಎರಡು ಗೋಲು ಹೊಡೆದಾಗ ಜನ ಅವರನ್ನು ಬಿಟ್ಟುಹೋಗಬೇಡಿ ಎಂದು ಹಾಡಿದರು. ಅವರು ಹೋದರು, ಮರುವರ್ಷ ಲೆವರ್‌ಕುಸೆನ್ ತಂಡದೊಂದಿಗೆ ಒಂದೂ ಪಂದ್ಯ ಸೋಲದೆ ಬುಂಡೆಸ್‌ಲಿಗಾ ಗೆದ್ದರು.

ಹಾಗಾದರೆ ಸೋಲನ್ನು ನುಂಗಿಕೊಂಡು ಕೂರಬೇಕೇ? ಬೇಕಿಲ್ಲ. ಜರ್ಮನಿಯ ಡಾರ್ಟ್‌ಮಂಡ್ ತಂಡದ ಮೈದಾನದ ದಕ್ಷಿಣ ಗ್ಯಾಲರಿಯಲ್ಲಿ ಸುಮಾರು 25,000 ಮಂದಿ ನಿಂತೇ ಪಂದ್ಯ ನೋಡುತ್ತಾರೆ. ಅವರ ನಿಷ್ಠೆಯನ್ನು ಯಾರೂ ಪ್ರಶ್ನಿಸಲಾರರು. 2015ರ ಫೆಬ್ರುವರಿಯಲ್ಲಿ ಆಗ್ಸ್‌ಬರ್ಗ್ ವಿರುದ್ಧ ತವರಿನಲ್ಲೇ 0–1ರಿಂದ ಸೋತು ತಂಡ ಪಟ್ಟಿಯ ತಳದಲ್ಲಿ ಉಳಿದಾಗ, ಕೊನೆಯ ಶಿಳ್ಳೆಯ ನಂತರ ಅವರು ಸಿಟ್ಟನ್ನು ಹೊರಹಾಕಿದರು. ನಾಯಕ ಹುಮ್ಮೆಲ್ಸ್ ಮತ್ತು ಗೋಲ್‌ಕೀಪರ್ ವೈಡನ್‌ಫೆಲ್ಲರ್ ಬೇಲಿಯ ಬಳಿಗೇ ಹೋಗಿ ಅವರ ಮಾತು ಕೇಳಿದರು. ಆ ಋತುವನ್ನು ತಂಡ ಏಳನೆಯ ಸ್ಥಾನದಲ್ಲಿ ಮುಗಿಸಿತು. ಬೈಗುಳದಿಂದಲೇ ಚೇತರಿಸಿಕೊಂಡರೆಂದು ನಾನು ಹೇಳುವುದಿಲ್ಲ. ಕೇಳಿಸಿಕೊಳ್ಳಬಲ್ಲ ಹೊತ್ತಿನಲ್ಲಿ ಅದನ್ನು ಹೇಳಿದರು ಎಂಬುದಷ್ಟೇ ನನಗೆ ಮುಖ್ಯ.

ಆಡಳಿತದ ವಿರುದ್ಧ ಪಂದ್ಯದ ನಡುವೆಯೇ ಪ್ರತಿಭಟಿಸುವುದನ್ನು ಮಾತ್ರ ನಾನು ಬೇರೆಯಾಗಿಯೇ ನೋಡುತ್ತೇನೆ. 2016ರ ಫೆಬ್ರುವರಿ 6ರಂದು, 77 ಪೌಂಡ್‌ಗಳ ಟಿಕೆಟ್ ದರವನ್ನು ವಿರೋಧಿಸಿ ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಸಾವಿರಾರು ಅಭಿಮಾನಿಗಳು 77ನೆಯ ನಿಮಿಷಕ್ಕೆ ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಮಾಲೀಕರು ಮಣಿದರು. ಆದರೆ 2–0 ಮುಂದಿದ್ದ ತಂಡ ಉಳಿದ ನಿಮಿಷಗಳಲ್ಲಿ ಎದುರಾಳಿ ಸಂಡರ್‌ಲೆಂಡ್‌ಗೆ ಎರಡು ಗೋಲು ಬಿಟ್ಟುಕೊಟ್ಟು ಸಮಬಲಕ್ಕೆ ತೃಪ್ತಿಪಟ್ಟಿತು. ಬೆಲೆ ತೆರಬೇಕಾದದ್ದು ಗೊತ್ತಿದ್ದೂ ಮಾಡುವ ಕೆಲಸ ಅದು, ಬಾಯಿಗೆ ಬಂದದ್ದನ್ನು ಕೂಗುವುದಲ್ಲ.

ಟಿ.ವಿ. ಮುಂದೆ ಕೂತು ಬೈಯುವುದಕ್ಕೆ ನನ್ನ ಅಡ್ಡಿಯಿಲ್ಲ, ಆಟಗಾರನಿಗೆ ಅದು ಕೇಳಿಸುವುದಿಲ್ಲ. ಯುರೋಪಿನ ಪಂದ್ಯಗಳು ನಮ್ಮಲ್ಲಿ ರಾತ್ರಿ ಒಂದೂವರೆಗೆ ಆರಂಭವಾಗುವುದೂ ಉಂಟಾದ್ದರಿಂದ, ಪಕ್ಕದ ಮನೆಯವರಿಗೆ ಮಾತ್ರ ಕೇಳಿಸದಿರಲಿ. ಮೈದಾನದಲ್ಲಿಯೂ ಒಂದು ವಿನಾಯಿತಿ ಕೊಡುತ್ತೇನೆ: ಚೆಂಡು ಕಳೆದುಕೊಂಡ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುವವರನ್ನು ‘ಓಡಪ್ಪಾ’ ಎಂದು ಎಚ್ಚರಿಸಬಹುದು. ಆತ ಆ ಕ್ಷಣವೇ ತಿದ್ದಿಕೊಳ್ಳಬಲ್ಲ ತಪ್ಪು ಅದು. ಪಾಸು ತಪ್ಪಿದ್ದನ್ನು ಹಾಗೆ ತಿದ್ದಲು ಬರುವುದಿಲ್ಲ. ಆ ಚರ್ಚೆಯನ್ನು ಊರಿಗೆ ಮರಳಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಎಷ್ಟು ಹೊತ್ತಾದರೂ ಮಾಡಿ.

ಪ್ರಶ್ನೆ: ನನ್ನ ಮಗ ಕಾಲೇಜು ತಂಡದಲ್ಲಿ ಆಡುತ್ತಾನೆ. ಪಂದ್ಯದ ವೇಳೆ ಗೆರೆಯ ಪಕ್ಕದಲ್ಲಿ ನಿಂತು ನಾನು ತಪ್ಪುಗಳನ್ನು ಕೂಗಿ ಹೇಳುತ್ತೇನೆ. ಇನ್ನು ಮೇಲೆ ಪಂದ್ಯಕ್ಕೆ ಬರಬೇಡಿ ಎನ್ನುತ್ತಿದ್ದಾನೆ. ಹೇಳದಿದ್ದರೆ ಕಲಿಯುವುದು ಹೇಗೆ?
– ಪೋಷಕರು, ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಕಲಿಸಲು ಕೋಚ್ ಇದ್ದಾರೆ. ಅವರು ಒಳಗೆ ಬಾ ಎನ್ನುವಾಗ ನೀವು ಹೊರಗೆ ಹೋಗು ಎಂದರೆ, ಹುಡುಗ ಇಬ್ಬರ ಮಾತನ್ನೂ ಕೇಳಲಾರದೆ ನಿಂತಲ್ಲೇ ನಿಲ್ಲುತ್ತಾನೆ. ಮೇಲಾಗಿ ಅಷ್ಟು ಜನರ ಗದ್ದಲದಲ್ಲಿಯೂ ಅವನಿಗೆ ಸ್ಪಷ್ಟವಾಗಿ ಕೇಳಿಸುವುದು ಅಪ್ಪನ ದನಿಯೇ, ಗೆಳೆಯರಿಗೂ ಅದು ಕೇಳಿಸುತ್ತದೆ. ಪಂದ್ಯಕ್ಕೆ ಹೋಗುವುದನ್ನು ಬಿಡಬೇಡಿ. ಕೋಚ್ ನಿಂತಿರುವ ಕಡೆಯನ್ನು ಬಿಟ್ಟು ಎದುರು ಬದಿಯಲ್ಲಿ ಕೂತು ನೋಡಿ, ತಂಡದಲ್ಲಿ ಯಾರೇ ಚೆನ್ನಾಗಿ ಆಡಿದರೂ ಚಪ್ಪಾಳೆ ತಟ್ಟಿ. ಮನೆಗೆ ಮರಳುವಾಗ ಬೈಕಿನ ಹಿಂದೆ ಕೂತ ಮಗ ತಾನಾಗಿ ಪಂದ್ಯದ ಮಾತು ತೆಗೆದರೆ ಆಗ ನೀವು ಕಂಡದ್ದನ್ನು ಹೇಳಿ. ತೆಗೆಯದಿದ್ದರೆ ಊಟವಾಗುವವರೆಗಾದರೂ ಕಾಯಿರಿ.