ಸೈನಿಕರ ಮೇಲೆ ಡ್ರಗ್ ಪ್ರಯೋಗ, ಕಿರುಚಿತ್ರಕ್ಕೆ ಕಥೆ ಕೇಳಿದ್ರಲ್ಲ

ಸರ್ಕಾರನೇ ಸೈನಿಕರಿಗೆ ಗುಟ್ಟಾಗಿ ಡ್ರಗ್ ಕೊಟ್ಟು ಟೆಸ್ಟ್ ಮಾಡೋದು ನಿಜವಾಗ್ಲೂ ನಡೆದಿತ್ತಾ, ಇಲ್ಲ ಸಿನಿಮಾದವ್ರು ಕಟ್ಟಿದ್ದಾ ಅಂತ ಕೇಳಿದೀರಿ. ನಡೆದಿದೆ ಗುರೂ. ಆದ್ರೆ ನೀವು ಹಾಕಿರೋ ಸ್ಕ್ರಿಪ್ಟ್‌ನಲ್ಲಿ ಸೈನಿಕನ್ನ ಎಳ್ಕೊಂಡು ಹೋಗಿ ಕುರ್ಚಿಗೆ ಕಟ್ಟಿ ಇಂಜೆಕ್ಷನ್ ಚುಚ್ತಾರಲ್ಲ, ಅದು ಬೇಡ. ಅಮೆರಿಕದಲ್ಲಿ ಹುಡುಗ್ರು ತಾವೇ ಹೆಸ್ರು ಕೊಟ್ಟು ಸೈನ್ ಹಾಕಿ ಬಂದಿದ್ರು, ಕಥೆ ಇರೋದೇ ಅಲ್ಲಿ.

ಮೇರಿಲ್ಯಾಂಡ್‌ನಲ್ಲಿ ಎಜ್‌ವುಡ್ ಆರ್ಸೆನಲ್ ಅಂತ ಸೇನೆಯ ಜಾಗ, 1955ರಿಂದ 1975ರ ತನಕ ಸುಮಾರು 7000 ಸೈನಿಕರ ಮೇಲೆ 250ಕ್ಕೂ ಹೆಚ್ಚು ಕೆಮಿಕಲ್ ಟೆಸ್ಟ್ ಮಾಡಿದ್ರು. ಲೈಟ್ ಡ್ಯೂಟಿ, ವೀಕೆಂಡ್ ರಜೆ ಅಂದ್ರೆ ಇಪ್ಪತ್ತರ ಹುಡುಗ್ರು ಯಾರು ಬೇಡ ಅಂತಾರೆ ಹೇಳಿ, ಮೈಗೆ ಹೋಗ್ತಿರೋದು ಏನು ಅಂತ ಮಾತ್ರ ಹೇಳ್ತಿರ್ಲಿಲ್ಲ.

ಜೇಮ್ಸ್ ಸ್ಟಾನ್ಲಿ ಅನ್ನೋ ಸಾರ್ಜೆಂಟ್ ಕೇಸ್ ಓದಿ. 1958ರಲ್ಲಿ ಗ್ಯಾಸ್ ಮಾಸ್ಕು, ರಕ್ಷಣೆ ಬಟ್ಟೆ ಟೆಸ್ಟ್ ಅಂತ ಹೋದ ಮನುಷ್ಯನಿಗೆ ಗೊತ್ತಿಲ್ದಂಗೆ ಎಲ್‌ಎಸ್‌ಡಿ ಅನ್ನೋ ಭ್ರಮೆ ಹುಟ್ಟಿಸೋ ಡ್ರಗ್ ಕೊಟ್ರು. ಆಮೇಲೆ ರಾತ್ರಿ ಎದ್ದು ಹೆಂಡ್ತಿ ಮಕ್ಕಳನ್ನ ಹೊಡಿಯೋದು, ಬೆಳಿಗ್ಗೆ ನೆನಪೇ ಇಲ್ಲ, ಸಂಸಾರ ಮುರೀತು, ಯಾಕೆ ಹಿಂಗಾಯ್ತು ಅಂತ ಅವನಿಗೇ ಗೊತ್ತಿಲ್ಲ. 1975ರಲ್ಲಿ ಸೇನೆಯಿಂದ ಒಂದು ಕಾಗದ ಬರತ್ತೆ, 1958ರ ಎಲ್‌ಎಸ್‌ಡಿ ಟೆಸ್ಟಲ್ಲಿ ಭಾಗವಹಿಸಿದ ವಾಲಂಟಿಯರ್‌ಗಳ ಮುಂದಿನ ತಪಾಸಣೆಗೆ ಸಹಕರಿಸಿ ಅಂತ. ಅವನಿಗೆ ವಿಷಯ ತಿಳಿದದ್ದೇ ಹಂಗೆ! ಕೋರ್ಟಿಗೆ ಹೋದ್ರೆ 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5-4 ಬಹುಮತದಲ್ಲಿ ಸೇವೆಯಲ್ಲಿದ್ದಾಗ ಆದ ಹಾನಿಗೆ ಪರಿಹಾರ ಕೇಳೋ ಹಾಗಿಲ್ಲ ಅಂತು. ನಿಮ್ಮ ಮೊದಲನೇ ಸೀನು ಆ ಕಾಗದ ಬರೋದೇ ಆಗ್ಲಿ, ಲ್ಯಾಬ್ ಸೆಟ್ ಖರ್ಚೂ ಉಳಿಯತ್ತೆ.

ಅಮಲಿನ ಸೀನ್ ಬೇಕೇ ಬೇಕು ಅಂದ್ರೆ ಬಣ್ಣಬಣ್ಣದ ಲೈಟು, ಸುತ್ತೋ ಕ್ಯಾಮೆರಾ ಬಿಟ್ಬಿಡಿ, ಎಲ್ರೂ ಮಾಡಿ ಸಾಕಾಗಿದೆ. ಎಜ್‌ವುಡ್‌ನಲ್ಲಿ ಬಿ-ಝೆಡ್ ಅಂತ ಇನ್ನೊಂದು ಔಷಧ ಇತ್ತು, ನಮ್ಮ ಉಮ್ಮತ್ತಿ ಬೀಜದ ವಿಷದ ಜಾತಿದೇ, ಎರಡು ಮೂರು ದಿನ ಭ್ರಮೆ. ಬಾಯಿ ಒಣಗಿ ನಾಲಿಗೆ ಹೊರಳಲ್ಲ, ಕಣ್ಣಿನ ಪಾಪೆ ಹಿಗ್ಗಿ ಹತ್ರದ್ದು ಮಂಜು ಮಂಜು, ಗಾಳಿಯಲ್ಲಿ ಏನೋ ಹೆಕ್ತಾ ಕೂರ್ತಾರೆ, ಇಲ್ಲದ ಸಿಗರೇಟು ಸೇದ್ತಾರೆ. ಮೆತ್ತೆ ಹೊಡೆದ ಗೋಡೆಯ ರೂಮಲ್ಲಿ ಇಬ್ಬರು ಹುಡುಗ್ರು ಕೂತು ಇಲ್ಲದ ಒಂದು ಸಿಗರೇಟನ್ನ ಒಬ್ರಿಗೊಬ್ರು ದಾಟಿಸ್ತಾ ಇರ್ಲಿ, ಕ್ಯಾಮೆರಾ ಅಲ್ಲಾಡ್ಸಬೇಡಿ, ಮ್ಯೂಸಿಕ್ಕೂ ಬೇಡ. (ಆಕ್ಟರ್ ಯಾರಾದ್ರೂ ಅನುಭವಕ್ಕೆ ಅಂತ ಉಮ್ಮತ್ತಿ ಕಾಯಿಗೆ ಕೈ ಹಾಕಿದ್ರೆ ಮೊದ್ಲು ಸೆಟ್ಟಿಂದ ಆಚೆ ಕಳಿಸಿ, ಜೀವ ಹೋಗೋ ವಸ್ತು ಅದು.)

ಎಲ್‌ಎಸ್‌ಡಿ ಅಮಲು ಹೇಗಿರತ್ತೆ ಅಂತ ನೋಡಕ್ಕೆ ಬ್ರಿಟಿಷ್ ಸೇನೆ 1964ರಲ್ಲಿ ತಾನೇ ತೆಗೆದ ಫಿಲ್ಮ್ ಇದೆ, ಆನ್‌ಲೈನ್ ಸಿಗತ್ತೆ. ಮರೈನ್‌ಗಳು ಬಿದ್ದು ಬಿದ್ದು ನಗ್ತಾರೆ, ಒಬ್ಬ ಹಕ್ಕಿಗಳಿಗೆ ಊಟ ಹಾಕಕ್ಕೆ ಮರ ಹತ್ತಾನೆ, ಕಮಾಂಡರೂ ಕೈ ಚೆಲ್ಲಿ ನಗಕ್ಕೆ ಶುರು ಮಾಡ್ತಾನೆ. ನೋಡಕ್ಕೆ ತಮಾಷೆ. ಆ ಟೆಸ್ಟ್ ನಡೆಸಿದ್ದ ಪೋರ್ಟನ್ ಡೌನ್ ಅನ್ನೋ ಬ್ರಿಟನ್ನಿನ ರಾಸಾಯನಿಕ ಅಸ್ತ್ರ ಸಂಶೋಧನಾ ಕೇಂದ್ರದಲ್ಲೇ 1953ರಲ್ಲಿ ರೊನಾಲ್ಡ್ ಮ್ಯಾಡಿಸನ್ ಅನ್ನೋ 20ರ ಹುಡುಗ ತೋಳಿನ ಮೇಲೆ ಸಾರಿನ್ ಅನ್ನೋ ನರಗಳಿಗೆ ಹೊಡಿಯೋ ವಿಷ ಹನಿಸ್ಕೊಂಡು ಸತ್ತ, ಕಾನೂನುಬಾಹಿರ ಸಾವು ಅಂತ ತೀರ್ಪು ಬರಕ್ಕೆ 2004 ಆಯ್ತು.

ನಮ್ಮ ಕಡೆ ಕಥೆ ಬೇಕಾದ್ರೆ ರಾವಲ್ಪಿಂಡಿ ಇದೆ, ಡ್ರಗ್ ಅಲ್ಲ, ಮೈ ಸುಟ್ಟು ಬೊಬ್ಬೆ ಏಳ್ಸೋ ಮಸ್ಟರ್ಡ್ ಗ್ಯಾಸು. ಸ್ವಾತಂತ್ರ್ಯಕ್ಕೆ ಮುಂಚೆ ಪೋರ್ಟನ್ ವಿಜ್ಞಾನಿಗಳು ಅಲ್ಲಿಗೆ ಹೋಗಿ ಬ್ರಿಟಿಷ್ ಇಂಡಿಯನ್ ಆರ್ಮಿಯ ನೂರಾರು ಸಿಪಾಯಿಗಳ ಮೇಲೆ ಟೆಸ್ಟ್ ಮಾಡಿದ್ರು, ಕೆಲವ್ರನ್ನ ಚಡ್ಡಿ, ಕಾಟನ್ ಶರ್ಟಲ್ಲೇ ಗ್ಯಾಸ್ ಚೇಂಬರಿಗೆ ಕಳಿಸಿದ್ರು. ಇದನ್ನ ಯಾರೂ ಸಿನಿಮಾ ಮಾಡಿದ್ದು ನಾನಂತೂ ನೋಡಿಲ್ಲ.

ಇನ್ನೊಂದು, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಎಂಕೆ-ಅಲ್ಟ್ರಾ ಅನ್ನೋ ತನ್ನ ಗುಟ್ಟಿನ ಡ್ರಗ್ ಪ್ರಯೋಗಗಳ ಫೈಲ್‌ಗಳಲ್ಲಿ ಹೆಚ್ಚಿನವನ್ನ 1973ರಲ್ಲಿ ನಾಶ ಮಾಡಿಸ್ತು, ಅದಕ್ಕೇ ನೆಟ್‌ನಲ್ಲಿ ಬಾಯಿಗೆ ಬಂದಿದ್ದೆಲ್ಲ ಓಡಾಡ್ತಿದೆ. ವಿಯೆಟ್ನಾಂ ಯುದ್ಧದಲ್ಲಿ ಬಿ-ಝೆಡ್ ಕೊಟ್ರು ಅನ್ನೋದನ್ನ ಪೆಂಟಗನ್ ಒಪ್ಪಿಲ್ಲ, ಅದನ್ನ ನೈಜ ಘಟನೆ ಅಂತ ಕಾರ್ಡ್ ಹಾಕ್ಬೇಡಿ. ಸ್ಟಾನ್ಲಿ ಕೇಸ್ ತಗೊಂಡ್ರೆ ಹೆಸ್ರು ಬದ್ಲಾಯಿಸಿ, 'ಪ್ರೇರಿತ' ಅಂತ ಹಾಕಿ, ಕೋರ್ಟ್ ದಾಖಲೆ ಎಲ್ಲಾ ಓಪನ್ ಇದೆ, ಡೈಲಾಗಿಗೆ ಬೇಕಾದ್ದು ಅದ್ರಲ್ಲೇ ಸಿಗತ್ತೆ.